ನನ್ನ ಅನುಭವ: ರಜೆಗೆ ಕೊಡುವ ಮನೆಯಲ್ಲಿ ಅಡುಗೆಮನೆ ಜೋಡಿಸಿದ್ದು

ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುವ ಒಂದು ಮನೆಯನ್ನು ನಾನು ನೋಡಿಕೊಳ್ಳುತ್ತೇನೆ. 6 ಜನ ಮಲಗುವಷ್ಟು ಜಾಗ ಇದೆ. ಊಟ ನಾವು ಕೊಡುವುದಿಲ್ಲ, ಬಂದವರೇ ಮಾಡಿಕೊಳ್ಳಬೇಕು. ಶುರುವಿನಲ್ಲಿ ಹಾಸಿಗೆ, ಪರದೆ, ಬಚ್ಚಲುಮನೆ ಅಂತ ಎಲ್ಲದಕ್ಕೂ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಅಡುಗೆಮನೆಗೆ ಮಾತ್ರ ನಮ್ಮ ಮನೆಯಲ್ಲಿ ಬೇಡವಾದ ಪಾತ್ರೆಗಳನ್ನೆಲ್ಲ ತಂದು ತುಂಬಿದ್ದೆ. ಚಮಚಗಳು ರಾಶಿ ಇದ್ದವು. ಮುಚ್ಚಳಗಳೂ ಇದ್ದವು, ಆದರೆ ಯಾವುದೂ ಯಾವ ಪಾತ್ರೆಗೂ ಕೂರುತ್ತಿರಲಿಲ್ಲ. ಚಾಕು ಅಂತ ಇದ್ದದ್ದು ಒಂದೇ, ಅದೂ ಮೊಂಡು.

ಮೊದಲ ಕೆಲವು ತಿಂಗಳು ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದು ಕುಟುಂಬ ಹೊರಡುವಾಗ, ಮನೆ ಚೆನ್ನಾಗಿದೆ, ಆದರೆ ಅಡುಗೆ ಮಾಡೋಕೆ ಆಗಲಿಲ್ಲ, ಮೂರು ದಿನವೂ ಹೊರಗೇ ತಿಂದೆವು ಅಂತ ಬೇಜಾರಿನಿಂದ ಹೇಳಿದರು. ಅವರ ಜೊತೆ ಚಿಕ್ಕ ಮಗು ಇತ್ತು. ಮಗುವಿಗೆ ಮನೆಯಲ್ಲೇ ಬಿಸಿಬಿಸಿ ಮಾಡಿ ಕೊಡಬಹುದು ಅಂತಲೇ ಅವರು ಅಡುಗೆಮನೆ ಇರುವ ಜಾಗ ಹುಡುಕಿದ್ದರು. ಆ ಮಾತು ನನಗೆ ಚುಚ್ಚಿತು. ಒಲೆ, ಫ್ರಿಜ್, ಪಾತ್ರೆ ಎಲ್ಲ ಇತ್ತಲ್ಲ, ಯಾಕೆ ಆಗಲಿಲ್ಲ ಅಂತ ಯೋಚನೆ ಶುರುವಾಯಿತು.

ಆಗ ಒಂದು ಕೆಲಸ ಮಾಡಿದೆ. ಒಂದು ವಾರಾಂತ್ಯ ಮನೆ ಖಾಲಿ ಇತ್ತು. ನಾವು ನಾಲ್ವರು ಬಟ್ಟೆಯ ಚೀಲ, ಒಂದು ಚೀಲ ದಿನಸಿ ತಗೊಂಡು ಅತಿಥಿಗಳ ಹಾಗೆ ಅಲ್ಲಿ ಹೋಗಿ ಉಳಿದೆವು. ನಿಯಮ ಒಂದೇ: ಅಲ್ಲಿ ಇರುವುದರಲ್ಲೇ ಅಡುಗೆ ಮಾಡಬೇಕು, ಏನೂ ಸಿಗದಿದ್ದರೆ ಬರೆದುಕೊಳ್ಳಬೇಕು, ಹೊರಗಿನಿಂದ ತರುವ ಹಾಗಿಲ್ಲ. ಎರಡು ರಾತ್ರಿ, ಐದು ಊಟ. ಈ ಕೆಲಸಕ್ಕೆ ಇಳಿದವರು ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಪಟ್ಟಿ ನೋಡಿಕೊಂಡು ಸಾಮಾನು ತರಬೇಡಿ, ಮೊದಲು ಅಲ್ಲಿ ಉಳಿದು ಅಡುಗೆ ಮಾಡಿ ನೋಡಿ.

ನಾವು ಹೋಗಿ ಸೇರಿದಾಗ ಕತ್ತಲಾಗಿತ್ತು. ದಾರಿ ನಡೆದು ಬಂದವರಿಗೆ ಮೊದಲು ಬೇಕಾಗುವುದು ಕುಡಿಯಲು ಏನಾದರೂ ಬಿಸಿ. ಕೆಟಲ್ ತೆಗೆದರೆ ಒಳಗೆ ತಳದಲ್ಲಿ ಬಿಳಿ ಪದರ ಕಟ್ಟಿತ್ತು. ಗಡಸು ನೀರು ಇರುವ ಕಡೆ ಇದು ಆಗೇ ಆಗುತ್ತದೆ, ಕೆಟಲ್ ಕೆಟ್ಟಿದೆ ಅಂತಲ್ಲ, ಆದರೆ ಹೊಸಬರಿಗೆ ಅದು ಕೊಳಕು ಅಂತಲೇ ಕಾಣುತ್ತದೆ. ನೀರಿಗೆ ಅಷ್ಟೇ ವಿನೆಗರ್ ಬೆರೆಸಿ ಕುದಿಸಿ ಅರ್ಧ ಗಂಟೆ ಬಿಟ್ಟರೆ ಪದರ ಕಿತ್ತು ಬರುತ್ತದೆ, ಆಮೇಲೆ ಎರಡು ಸಲ ಬರೀ ನೀರು ಕುದಿಸಿ ಚೆಲ್ಲಬೇಕು. ಈಗ ಅದನ್ನು ತಿಂಗಳಿಗೊಮ್ಮೆ ಮಾಡುತ್ತೇನೆ. ಅವತ್ತು ಕೆಟಲ್ ಬದಿಗಿಟ್ಟು ಒಲೆಯ ಮೇಲೆ ನೀರು ಇಡಲು ಹೋದರೆ ಒಲೆಯೇ ಹೊತ್ತಲಿಲ್ಲ. ಅದು ಇಂಡಕ್ಷನ್ ಒಲೆ. ಬಟನ್ ಮುಟ್ಟಿದರೆ ಕೀಂ ಅನ್ನುತ್ತದೆ, ಕಾಯುವುದಿಲ್ಲ. ಮಕ್ಕಳು ಮುಟ್ಟದಿರಲಿ ಅಂತ ಇರುವ ಲಾಕ್ ಬಿದ್ದಿತ್ತು. ಬೀಗದ ಚಿತ್ರದ ಮೇಲೆ ಕೆಲವು ಸೆಕೆಂಡ್ ಬೆರಳು ಒತ್ತಿ ಹಿಡಿದರೆ ಬಿಡುತ್ತದೆ, ಇದು ನನಗೆ ಗೊತ್ತಿತ್ತು. ಆದರೆ ಬಂದವರಿಗೆ ಹೇಗೆ ಗೊತ್ತಾಗಬೇಕು? ಒರೆಸುವಾಗ ಬಟ್ಟೆ ತಾಗಿಯೂ ಆ ಲಾಕ್ ಬೀಳುತ್ತದೆ. ಆ ಕುಟುಂಬಕ್ಕೂ ಇದೇ ಆಗಿರಬೇಕು ಅಂತ ಆಗ ಹೊಳೆಯಿತು. ಎರಡು ಸಾಲು ಬರೆದು ಒಲೆಯ ಹಿಂದಿನ ಗೋಡೆಗೆ ಅಂಟಿಸಿದ್ದರೆ ಅಷ್ಟೇ ಸಾಕಿತ್ತು.

ಮತ್ತೆ ಚಾಕು. ಚಾಕುವಿನ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಅಡುಗೆ ಶುರುವಾಗುವುದೇ ಅಲ್ಲಿಂದ. ಆ ರಾತ್ರಿ ಟೊಮೆಟೊ ಕತ್ತರಿಸಲು ಹೋದರೆ ಹೆಚ್ಚುವುದಿರಲಿ, ಹಣ್ಣು ಜಜ್ಜಿಹೋಗಿ ರಸವೆಲ್ಲ ಹಲಗೆಗೆ ಹರಿಯಿತು. ಈರುಳ್ಳಿ ಹೆಚ್ಚುವಾಗ ಚಾಕು ಪಕ್ಕಕ್ಕೆ ಜಾರಿ ಬೆರಳಿನ ಹತ್ತಿರವೇ ಬಂತು. ಹರಿತ ಇಲ್ಲದ ಚಾಕುವೇ ಜಾಸ್ತಿ ಅಪಾಯ. ಅದು ಒಳಗೆ ಇಳಿಯುವುದಿಲ್ಲ, ನಾವು ಒತ್ತುತ್ತೇವೆ, ಒತ್ತಿದಾಗ ಜಾರುತ್ತದೆ. ಬಂದವರಿಗೆ ಪೆಟ್ಟಾದೀತು ಅಂತ ಹೆದರಿ ಮೊಂಡು ಚಾಕು ಇಡುವವರು ಇದ್ದಾರೆ, ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ.

ಈಗ ಇರುವುದು ಮೂರು ಚಾಕು. ಒಂದು ದೊಡ್ಡದು, ಅಲಗು 20 ಸೆಂಟಿಮೀಟರ್. ಒಂದು ಸಣ್ಣದು, 9 ಸೆಂಟಿಮೀಟರ್, ಹಣ್ಣು ಸುಲಿಯಲು, ಬೆಳ್ಳುಳ್ಳಿಗೆ. ಇನ್ನೊಂದು ಗರಗಸದ ಹಾಗೆ ಹಲ್ಲು ಇರುವುದು, ಬ್ರೆಡ್ ಕತ್ತರಿಸಲು. ಟೊಮೆಟೊಗೂ ಅದು ಚೆನ್ನ. ಇಷ್ಟಕ್ಕಿಂತ ಹೆಚ್ಚು ಬೇಕಿಲ್ಲ. ಹತ್ತು ಚಾಕುಗಳ ಸೆಟ್ ತಂದರೆ ಹತ್ತಕ್ಕೂ ಸಾಣೆ ಹಿಡಿಯಬೇಕು, ಅದು ಯಾರಿಂದಲೂ ಆಗುವುದಿಲ್ಲ. ಎರಡು ಚಾಕುಗಳನ್ನು ತಿಂಗಳಿಗೊಮ್ಮೆ ಸಾಣೆಕಲ್ಲಿನ ಮೇಲೆ ಮಸೆಯುತ್ತೇನೆ. ಕಲ್ಲು ನೀರಿನಲ್ಲಿ ನೆನೆಸುವ ಥರದ್ದು, 1000 ಗ್ರಿಟ್ (ಕಲ್ಲು ಎಷ್ಟು ನುಣುಪು ಅನ್ನುವ ಅಳತೆ). ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆಯಾಗಿ ಹಿಡಿದು ಎರಡೂ ಬದಿ ಸಮನಾಗಿ ಎಳೆಯಬೇಕು. ಕಾಗದದ ಹಾಳೆ ಗಾಳಿಯಲ್ಲಿ ಹಿಡಿದು ಕತ್ತರಿಸಿ ನೋಡುತ್ತೇನೆ. ಸರ್ ಅಂತ ಇಳಿದರೆ ಮುಗಿಯಿತು. ಇಡುವುದು ಗೋಡೆಯ ಅಯಸ್ಕಾಂತದ ಪಟ್ಟಿಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಡ್ರಾಯರಿನಲ್ಲಿ ಚಮಚಗಳ ಜೊತೆ ಹಾಕಿದರೆ ಒಂದಕ್ಕೊಂದು ತಾಗಿ ಅಲಗೂ ಹಾಳು, ತಡಕಾಡುವವರ ಕೈಗೂ ಗಾಯ.

ಕತ್ತರಿಸುವ ಹಲಗೆ ಇದಕ್ಕೇ ಸೇರಿದ ಮಾತು. ಮೊದಲು ಗಾಜಿನ ಹಲಗೆ ಇಟ್ಟಿದ್ದೆ, ತೊಳೆಯುವುದು ಸುಲಭ, ನೋಡಲೂ ಚೆಂದ ಅಂತ. ಗಾಜು ತುಂಬಾ ಗಟ್ಟಿ, ಹಾಗಾಗಿ ಪ್ರತಿ ಏಟಿಗೂ ಅಲಗಿನ ತುದಿ ಮಡಿಯುತ್ತದೆ. ಸಾಣೆ ಹಿಡಿದ ಚಾಕು ವಾರದಲ್ಲಿ ಮತ್ತೆ ಮೊಂಡಾಗುತ್ತಿದ್ದದ್ದು ಇದರಿಂದಲೇ. ಅದನ್ನು ತೆಗೆದು ಮರದ್ದು ಒಂದು, ಪ್ಲಾಸ್ಟಿಕ್ಕಿನದು ಒಂದು ಇಟ್ಟೆ. ಪ್ಲಾಸ್ಟಿಕ್ ಹಲಗೆ ಹಸಿ ಮಾಂಸ, ಮೀನಿಗೆ. ಅದರ ಮೇಲೆ ಹಾಗೆ ಬರೆದೂ ಇದೆ. ಸೊಪ್ಪು ತರಕಾರಿ ಮಾತ್ರ ತಿನ್ನುವವರು ಬಂದಾಗಲೂ ಈ ಗುರುತು ಅವರಿಗೆ ಸಮಾಧಾನ ಕೊಡುತ್ತದೆ, ಇದನ್ನು ಇಬ್ಬರು ನನಗೆ ಬಾಯಿಬಿಟ್ಟು ಹೇಳಿದ್ದಾರೆ. ಹಲಗೆ ಜಾರುತ್ತದೆ ಅನ್ನಿಸಿದರೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಅಲುಗಾಡುವುದಿಲ್ಲ.

ಪಾತ್ರೆಗಳಿಗೆ ಬರೋಣ. ಎಷ್ಟು ಬೇಕು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಅನುಭವದಲ್ಲಿ 6 ಜನರ ಮನೆಗೆ ಸಣ್ಣ ಪಾತ್ರೆ ಒಂದು, ಒಂದೂವರೆ ಲೀಟರಿನದು, ಹಾಲು ಕಾಯಿಸಲು, ಒಬ್ಬರಿಗೆ ಏನಾದರೂ ಬಿಸಿ ಮಾಡಲು. ಮೂರು ಲೀಟರಿನದು ಒಂದು. ಐದಾರು ಲೀಟರಿನ ದೊಡ್ಡದು ಒಂದು. ಬಾಣಲೆ ಅಗಲವಾದದ್ದು ಒಂದು, ಚಿಕ್ಕದು ಒಂದು. ಆ ದೊಡ್ಡ ಪಾತ್ರೆಯನ್ನೇ ಎಲ್ಲರೂ ಮರೆಯುವುದು. 6 ಜನ ಮಲಗುವ ಮನೆ ಅಂತ ಹೇಳಿ ಇಬ್ಬರಿಗೆ ಆಗುವಷ್ಟು ಪಾತ್ರೆ ಇಟ್ಟರೆ ಅನ್ನವನ್ನೂ ಎರಡು ಸಲ ಮಾಡಬೇಕಾಗುತ್ತದೆ. ನಾವು ನಾಲ್ವರೇ ಇದ್ದರೂ ಅವತ್ತು ಹಾಗೇ ಮಾಡಿದೆವು, ಎರಡನೆಯದು ಬೇಯುವ ಹೊತ್ತಿಗೆ ಮೊದಲನೆಯದು ಆರಿಹೋಗಿತ್ತು. ಮುಚ್ಚಳ ಪ್ರತಿ ಪಾತ್ರೆಗೂ ಅದರದ್ದೇ ಇರಬೇಕು. ಬಸಿಯಲು ತೂತಿನ ಪಾತ್ರೆ ಒಂದು ದೊಡ್ಡದೇ ಇರಲಿ. ಅದಿಲ್ಲದಿದ್ದರೆ ಜನ ಮುಚ್ಚಳ ಓರೆ ಹಿಡಿದು ಕುದಿಯುವ ನೀರು ಬಗ್ಗಿಸುತ್ತಾರೆ, ಬಿಸಿ ಹಬೆ ಕೈಗೆ ಹೊಡೆಯುತ್ತದೆ.

ಒಲೆ ಇಂಡಕ್ಷನ್ ಆದರೆ ಪಾತ್ರೆ ತರುವಾಗ ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಬರೀ ಅಲ್ಯೂಮಿನಿಯಂ, ತಾಮ್ರ, ಗಾಜು ನಡೆಯುವುದಿಲ್ಲ. ಸ್ಟೀಲ್‌ನಲ್ಲೂ ಕೆಲವು ಅಂಟುತ್ತವೆ, ಕೆಲವು ಇಲ್ಲ, ಹಾಗಾಗಿ ಸ್ಟೀಲ್ ಅಂತ ನಂಬಿ ತರಬೇಡಿ. ತಳ ಸಪಾಟಾಗಿ, ದಪ್ಪಗೆ ಇರಲಿ. ತೆಳು ತಳದ್ದರಲ್ಲಿ ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಯುತ್ತದೆ.

ನಾನ್‌ಸ್ಟಿಕ್ ಬೇಕಾ ಬೇಡವಾ? ನಾನು ಒಂದೇ ಒಂದು ಇಟ್ಟಿದ್ದೇನೆ, ಮೊಟ್ಟೆಗೆ. ಅದಕ್ಕೆ ಆಯಸ್ಸು ಕಮ್ಮಿ. ಯಾರೋ ಒಬ್ಬರು ಸ್ಟೀಲ್ ಸೌಟಿನಿಂದ ಕೆರೆಯುತ್ತಾರೆ, ಇನ್ನೊಬ್ಬರು ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಬಿಟ್ಟು ಬೇರೆ ಕೆಲಸ ನೋಡುತ್ತಾರೆ. ಆ ಲೇಪ 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ, ಖಾಲಿ ಬಾಣಲೆ ಕೆಲವೇ ನಿಮಿಷದಲ್ಲಿ ಅಷ್ಟು ಕಾಯಬಲ್ಲದು. ಅದರ ಪಕ್ಕದಲ್ಲೇ ಮರದ ಸಟ್ಟುಗ ಎರಡು ನೇತುಹಾಕಿದ ಮೇಲೆ ಗೀರು ಬೀಳುವುದು ತುಂಬಾ ಕಮ್ಮಿಯಾಗಿದೆ. ಲೇಪ ಎದ್ದಿರುವುದು ಕಂಡರೆ ಆ ದಿನವೇ ತೆಗೆದು ಹಾಕುತ್ತೇನೆ, ಇನ್ನೊಬ್ಬರು ಬಂದು ಹೋಗಲಿ ಅಂತ ಕಾಯುವುದಿಲ್ಲ. ಎರಕದ ಕಬ್ಬಿಣದ ಬಾಣಲೆ ನನಗೆ ತುಂಬಾ ಇಷ್ಟ, ಅದನ್ನೂ ಇಟ್ಟು ನೋಡಿದೆ. ಪ್ರತಿ ಸಲವೂ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ಹೋಗುತ್ತಿದ್ದರು, ಬೆಳಗ್ಗೆ ತುಕ್ಕು. ಅದನ್ನು ವಾಪಸ್ ಮನೆಗೆ ತಂದೆ. ಬೇರೆಯವರು ಬಳಸುವ ಅಡುಗೆಮನೆಗೆ ಆರೈಕೆ ಬೇಡುವ ಪಾತ್ರೆ ಸರಿಹೋಗುವುದಿಲ್ಲ.

ತಟ್ಟೆ, ಬಟ್ಟಲು, ಲೋಟ, ಚಮಚ, ಫೋರ್ಕ್: ಮಲಗುವವರ ಸಂಖ್ಯೆಯ ಎರಡರಷ್ಟು. 6 ಜನರಿಗೆ 12. ನಾನು ಮೊದಲು 6 ಇಟ್ಟಿದ್ದೆ, ಲೆಕ್ಕ ಸರಿ ಇದೆಯಲ್ಲ ಅಂತ. ಆದರೆ ಬೆಳಗ್ಗೆ ಕುಡಿದ ಲೋಟ ಸಿಂಕಿನಲ್ಲಿ, ನೀರು ಕುಡಿದದ್ದು ಮಂಚದ ಪಕ್ಕ, ಇನ್ನೊಂದು ಹೊರಗೆ ಕಟ್ಟೆಯ ಮೇಲೆ, ಮಧ್ಯಾಹ್ನಕ್ಕೆ ಒಂದೂ ಉಳಿಯುವುದಿಲ್ಲ. ರಜೆಗೆ ಬಂದವರು ಗಂಟೆಗೊಮ್ಮೆ ತೊಳೆಯಲಿ ಅನ್ನುವುದು ಸರಿಯಲ್ಲ, ಅಲ್ವಾ? ಪಾತ್ರೆ ತೊಳೆಯುವ ಯಂತ್ರ ಇದ್ದರಂತೂ ಅದು ತುಂಬುವ ತನಕ ಯಾರೂ ಓಡಿಸುವುದಿಲ್ಲ, ಹಾಗಾಗಿ ಇನ್ನೂ ಜಾಸ್ತಿ ಬೇಕು. ಬಿಳಿ, ಯಾವ ಹೂವೂ ಇಲ್ಲದ ತಟ್ಟೆ ತಗೊಂಡರೆ ಒಂದು ಒಡೆದಾಗ ಹೊಂದುವುದು ಸಿಗುತ್ತದೆ. ಚಿನ್ನದ ಬಣ್ಣದ ಅಂಚು ಬೇಡ, ಅದರಲ್ಲಿ ಲೋಹ ಇರುತ್ತದೆ, ಮೈಕ್ರೋವೇವ್‌ನಲ್ಲಿ ಕಿಡಿ ಹಾರುತ್ತದೆ. ಮಕ್ಕಳಿಗೆ ಒಡೆಯದ ತಟ್ಟೆ ಲೋಟ ಎರಡು ಜೊತೆ ಇಟ್ಟಿದ್ದೇನೆ. ಅಂಚು ಚೂರಾದ ಲೋಟವನ್ನು ಪರವಾಗಿಲ್ಲ ಅಂತ ಬಿಡಲೇಬೇಡಿ.

ಸಣ್ಣ ಸಾಮಾನು ಅಂದರೆ ಡಬ್ಬ ತೆರೆಯುವ ಓಪನರ್, ಬಾಟಲಿ ಓಪನರ್, ಸಿಪ್ಪೆ ತೆಗೆಯುವ ಪೀಲರ್, ತುರಿಯುವುದು, ಇಕ್ಕಳ, ಸೌಟು, ಅಳತೆಯ ಲೋಟ, ಕಲಸಲು ದೊಡ್ಡ ಬೋಗುಣಿ, ಚಹಾ ಸೋಸುವ ಜರಡಿ. ಕತ್ತರಿ ಮಾತ್ರ ಮರೆಯಬೇಡಿ. ರಜೆಗೆ ಬಂದವರು ಅಡುಗೆ ಮಾಡುವುದು ಬಹುಪಾಲು ಪ್ಯಾಕೆಟ್ ಒಡೆದು. ಕತ್ತರಿ ಇಲ್ಲದಿದ್ದರೆ ಆ ಕೆಲಸಕ್ಕೂ ಚಾಕುವೇ ಬರುತ್ತದೆ, ಇಲ್ಲವೇ ಹಲ್ಲು. ಉಳಿದ ಅಡುಗೆ ಇಡಲು ಮುಚ್ಚಳದ ಡಬ್ಬಿಗಳೂ ಬೇಕು, ಅಗಲ ಜಾಸ್ತಿ ಎತ್ತರ ಕಮ್ಮಿ ಇರುವಂಥವು. ಬೇಯಿಸಿದ್ದನ್ನು 2 ಗಂಟೆಯೊಳಗೆ ಫ್ರಿಜ್‌ಗೆ ಹಾಕುವುದು ಒಳ್ಳೆಯದು, ಅಗಲವಾದ ಡಬ್ಬಿಯಲ್ಲಿ ಬೇಗ ಆರುತ್ತದೆ. ಫ್ರಿಜ್ ಒಳಗೆ ಸಣ್ಣ ಥರ್ಮಾಮೀಟರ್ ಇಟ್ಟಿದ್ದೇನೆ. 5 ಡಿಗ್ರಿಗಿಂತ ಕೆಳಗೆ ಇರಬೇಕು, ಫ್ರೀಜರ್ ಮೈನಸ್ 18. ಒಂದು ಸಲ ಯಾರೋ ಗುಂಡಿ ತಿರುಗಿಸಿ ಹೋಗಿದ್ದರು, 9 ತೋರಿಸುತ್ತಿತ್ತು. ಥರ್ಮಾಮೀಟರ್ ಇಲ್ಲದಿದ್ದರೆ ಮುಂದೆ ಬರುವವರ ಹಾಲು ಕೆಟ್ಟ ಮೇಲೇ ಗೊತ್ತಾಗುತ್ತಿತ್ತು.

ಇನ್ನು ಖರ್ಚಾಗುವ ಸಾಮಾನು. ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಮೊದಲು, ಉಪ್ಪು ಎಣ್ಣೆ ಎಲ್ಲ ಬರುವವರೇ ತರಲಿ ಅಂದುಕೊಂಡಿದ್ದೆ. ಆದರೆ ಆ ಮೊದಲ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉಪ್ಪಿಲ್ಲದ ಅಡುಗೆ ತಿಂದವರಿಗೆ ಅದರ ಬೆಲೆ ಗೊತ್ತು. ಎರಡು ದಿನಕ್ಕೆ ಬಂದವರು ಒಂದು ಚಿಟಿಕೆಗಾಗಿ ಇಡೀ ಪ್ಯಾಕೆಟ್ ಉಪ್ಪು ಕೊಳ್ಳಬೇಕು, ಉಳಿದದ್ದನ್ನು ಬಿಟ್ಟು ಹೋಗಬೇಕು. ಹಾಗೆ ಬಿಟ್ಟುಹೋದ ಅರ್ಧ ಪ್ಯಾಕೆಟ್‌ಗಳೇ ನನ್ನ ಕಪಾಟಿನಲ್ಲಿ ಸಾಲಾಗಿ ಕೂತಿದ್ದವು. ಯಾವಾಗ ಒಡೆದದ್ದು, ಒಳಗೆ ಇರುವೆ ಹೊಕ್ಕಿದೆಯಾ, ಯಾರಿಗೂ ಗೊತ್ತಿಲ್ಲ, ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ. ಈಗ ಉಪ್ಪು, ಸಕ್ಕರೆ, ಕಾಳುಮೆಣಸಿನ ಪುಡಿ, ಎಣ್ಣೆ, ಚಹಾ, ಕಾಫಿ ಇಷ್ಟನ್ನು ಸಣ್ಣ ಸೀಲ್ ಪ್ಯಾಕೆಟ್‌ಗಳಲ್ಲಿ ಒಂದು ತಟ್ಟೆಯಲ್ಲಿಟ್ಟು ಎದುರಿಗೇ ಇಡುತ್ತೇನೆ. ಮೊದಲ ರಾತ್ರಿಗೂ ಮಾರನೆಯ ಬೆಳಗ್ಗೆಗೂ ಸಾಕು. ಒಡೆದದ್ದು ಏನಿದ್ದರೂ ಅವರು ಹೋದ ಮೇಲೆ ತೆಗೆಯುತ್ತೇನೆ. ಅದು ಸ್ವಲ್ಪ ವ್ಯರ್ಥ ಅನ್ನಿಸುತ್ತದೆ, ನಿಜ, ಆದರೆ ಬೇರೆ ದಾರಿ ನನಗೆ ಕಂಡಿಲ್ಲ.

ಪಾತ್ರೆ ತೊಳೆಯುವ ಸ್ಪಂಜ್ ಪ್ರತಿ ಸಲವೂ ಹೊಸದು, ಕವರ್ ಬಿಚ್ಚದೆ. ಹಿಂದಿನವರು ಬಳಸಿದ ಒದ್ದೆ ಸ್ಪಂಜ್ ಸಿಂಕಿನ ಮೂಲೆಯಲ್ಲಿ ಇದ್ದರೆ ಉಳಿದ ಮನೆ ಎಷ್ಟೇ ಫಳಫಳ ಹೊಳೆದರೂ ಬಂದವರ ಮನಸ್ಸು ಹಿಂಜರಿಯುತ್ತದೆ. ಒದ್ದೆಯಾಗಿಯೇ ಇರುವ ಸ್ಪಂಜ್‌ನಲ್ಲಿ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ ಕೂಡ. ತೊಳೆಯುವ ಲಿಕ್ವಿಡ್, ಕಸದ ಬುಟ್ಟಿಗೆ ಹಾಕಿದ ಒಂದು ಚೀಲ, ಪಕ್ಕದಲ್ಲಿ ಇನ್ನೂ ನಾಲ್ಕು. ಒರೆಸುವ ಬಟ್ಟೆ ನಾಲ್ಕು, ಬಿಸಿ ಪಾತ್ರೆ ಹಿಡಿಯಲು ದಪ್ಪ ಬಟ್ಟೆ ಎರಡು. ಒರೆಸುವ ಬಟ್ಟೆಯನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆಯುತ್ತೇವೆ. ಬಿಸಿ ಪಾತ್ರೆ ಇಳಿಸಲು ಮಣೆಗಳು ಎರಡು. ಇವು ಬರುವ ಮೊದಲು ಊಟದ ಮೇಜಿನ ಮೇಲೆ ಎರಡು ದುಂಡು ಕಲೆ ಬಿದ್ದಿವೆ, ಅವು ಈಗಲೂ ಹೋಗಿಲ್ಲ.

ಬೆಂಕಿಯ ವಿಷಯದಲ್ಲಿ ಮಾತ್ರ ಯಾವ ಉಳಿತಾಯವೂ ಬೇಡ. ಹೊಸ ಜಾಗ, ಹೊಸ ಒಲೆ, ಜೊತೆಗೆ ಮಾತು ನಗು, ಎಣ್ಣೆ ಕಾಯಲು ಇಟ್ಟದ್ದು ಮರೆತುಹೋಗುವುದು ಸುಲಭ. ಒಲೆಯಿಂದ ಸ್ವಲ್ಪ ದೂರದಲ್ಲಿ, ಬಾಗಿಲ ಕಡೆಗೆ, ಫೈರ್ ಬ್ಲ್ಯಾಂಕೆಟ್, ಅಂದರೆ ಬೆಂಕಿ ಆರಿಸಲು ಮೇಲೆ ಮುಚ್ಚುವ ಬಟ್ಟೆ, ನೇತುಹಾಕಿದ್ದೇನೆ. ಒಲೆಯ ಮೇಲೇ ನೇತುಹಾಕಿದರೆ ಬೆಂಕಿ ಎದ್ದಾಗ ಕೈ ಚಾಚಲು ಆಗುವುದಿಲ್ಲ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನೀರು ಎಣ್ಣೆಗಿಂತ ಭಾರ, ತಳಕ್ಕಿಳಿದು ಒಂದೇ ಸಲಕ್ಕೆ ಹಬೆಯಾಗಿ ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಬ್ಲ್ಯಾಂಕೆಟ್ ಮುಚ್ಚಿ, ಮತ್ತೆ ತೆಗೆದು ನೋಡದೆ ತಣ್ಣಗಾಗಲು ಬಿಡಬೇಕು. ನಿಮ್ಮಲ್ಲಿ ಗ್ಯಾಸ್ ಒಲೆ ಇದ್ದರೆ ಸೋರಿಕೆ ಹೇಳುವ ಅಲಾರಂ ಎಲ್ಲಿ ಹಾಕಬೇಕು ಅನ್ನುವುದು ಅದು ಯಾವ ಗ್ಯಾಸ್ ಅನ್ನುವುದರ ಮೇಲೆ ನಿಂತಿದೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಸೇರುತ್ತದೆ, ಅಲಾರಂ ಕೆಳಗಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಮೇಲೆ. ರೆಗ್ಯುಲೇಟರ್ ಅಥವಾ ವಾಲ್ವ್ ಎಲ್ಲಿದೆ ಅಂತ ಬಂದವರಿಗೆ ಕೈ ಮಾಡಿ ತೋರಿಸಿ.

ತೆಗೆದುಹಾಕಿದ್ದೂ ಬೇಕಾದಷ್ಟಿದೆ. ಸ್ಯಾಂಡ್‌ವಿಚ್ ಮಾಡುವ ಯಂತ್ರ, ಜ್ಯೂಸ್ ಯಂತ್ರ, ಯಾರೋ ಉಡುಗೊರೆ ಕೊಟ್ಟ ದೊಡ್ಡ ಮಿಕ್ಸರ್. ಒಂದು ವರ್ಷದಲ್ಲಿ ಎಷ್ಟು ಸಲ ಬಳಸಿದರೋ, ತೊಳೆಯುವಾಗ ಮಾತ್ರ ಪ್ರತಿ ಸಲವೂ ಎಲ್ಲ ಬಿಚ್ಚಿ ನೋಡಬೇಕು. ಅವು ಹೋದ ಮೇಲೆ ಕಟ್ಟೆಯ ಮೇಲೆ ಹೆಚ್ಚಲು, ಕಲಸಲು ಜಾಗ ಸಿಕ್ಕಿತು. ಸಾಮಾನಿಗಿಂತ ಆ ಖಾಲಿ ಜಾಗವೇ ಅಡುಗೆ ಮಾಡುವವರಿಗೆ ಬೇಕಾದದ್ದು.

ಪ್ರತಿ ಕಪಾಟಿನ ಬಾಗಿಲ ಒಳಗೆ ಅದರಲ್ಲಿ ಏನೇನು ಇರಬೇಕೋ ಅದರ ಫೋಟೋ ಅಂಟಿಸಿದ್ದೇನೆ. ಬಂದವರು ಅದನ್ನು ನೋಡಿ ವಾಪಸ್ ಅಲ್ಲೇ ಇಡುತ್ತಾರೆ. ನನಗೂ ಅವರು ಹೋದ ಮೇಲೆ ಹತ್ತು ನಿಮಿಷದಲ್ಲಿ ಎಣಿಸಿ ಮುಗಿಯುತ್ತದೆ. ಫ್ರಿಜ್ ಮೇಲೆ ಒಂದು ಪುಟ್ಟ ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್, ಮೊದಲ ಪುಟದಲ್ಲಿ ಒಂದೇ ಪ್ರಶ್ನೆ: ಅಡುಗೆ ಮಾಡುವಾಗ ಏನು ಹುಡುಕಿದಿರಿ, ಸಿಗಲಿಲ್ಲ? ಇದರಲ್ಲಿ ಜನ ಬಾಯಲ್ಲಿ ಹೇಳದ್ದನ್ನೂ ಬರೆಯುತ್ತಾರೆ. ಮೊಟ್ಟೆ ಕಡೆಯುವ ವಿಸ್ಕ್ ಹಾಗೇ ಬಂತು, ಲಟ್ಟಣಿಗೆ ಹಾಗೇ ಬಂತು, ಎಡಗೈಯಲ್ಲಿ ಕೆಲಸ ಮಾಡುವವರೊಬ್ಬರು ಕೇಳಿದ ಮೇಲೆ ಎರಡೂ ಕಡೆ ಅಲಗು ಇರುವ ಪೀಲರ್ ಬಂತು. ಕಳೆದ ವಾರ ಒಬ್ಬರು ಓವನ್ ಟ್ರೇ ಇನ್ನೊಂದು ಬೇಕಿತ್ತು ಅಂತ ಬರೆದಿದ್ದಾರೆ. ಹಿಂದೊಮ್ಮೆ ಅಂದಾಜಿನಲ್ಲಿ ತಂದ ಟ್ರೇ ಓವನ್ ಬಾಗಿಲು ಮುಚ್ಚಲು ಬಿಡದೆ ವಾಪಸ್ ಹೋಗಿತ್ತು. ಹಾಗಾಗಿ ಈ ಸಲ ಟೇಪ್ ತಗೊಂಡು ಹೋಗಿ ಒಳಗಿನ ಅಗಲ, ಆಳ ಎರಡನ್ನೂ ಅಳೆದುಕೊಂಡು ಬಂದಿದ್ದೇನೆ.